ತಕ್ಕಡಿಗೆ ಗೋಂದು ಹಾಕಿದ್ದು ಯಾರು?

ಎಡಗಡೆಯ ತಟ್ಟೆಗೆ ಚೂಪಿ ಒಂದು ಕಲ್ಲು ಹಾಕಿದಳು. ತಕ್ಕಡಿ ಅಲ್ಲಾಡಲಿಲ್ಲ.

ಇನ್ನೊಂದು ಕಲ್ಲು ಹಾಕಿದಳು. ಅದರ ಮೇಲೆ ಮತ್ತೊಂದು. ಎಡಗಡೆ ಕಲ್ಲಿನ ಗುಡ್ಡೆ, ಬಲಗಡೆ ಖಾಲಿ ತಟ್ಟೆ. ಆದರೂ ತಕ್ಕಡಿಯ ಅಡ್ಡಪಟ್ಟಿ ಗೆರೆ ಎಳೆದ ಹಾಗೆ ನೆಟ್ಟಗೆ ನಿಂತಿತ್ತು.

ಮೂರನೇ ಕ್ಲಾಸಿನ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಅಕ್ಕಾ, ಆ ಕಲ್ಲಿಗೆ ತೂಕ ಇಲ್ವಾ?” ಮುಂದಿನ ಸಾಲಿನಲ್ಲಿದ್ದ ಹಲ್ಲು ಬಿದ್ದ ಹುಡುಗಿ ಕೇಳಿದಳು.

“ತಕ್ಕಡಿ ಮಲ್ಕೊಂಡಿದೆ ಕಣೆ. ಎಬ್ಬಿಸ್ಬೇಡ,” ಅಂದ ಪಕ್ಕದವನು.

ಕ್ಲಾಸಿಗೆ ಕ್ಲಾಸೇ ನಕ್ಕಿತು. ಚೂಪಿಯ ಕಿವಿ ಬಿಸಿಯಾಯಿತು.

ಐದನೇ ಕ್ಲಾಸಿನವರು ವಾರಕ್ಕೊಂದು ಸಲ ಮೂರನೇ ಕ್ಲಾಸಿಗೆ ಪಾಠ ಮಾಡುವುದು ಆ ಶಾಲೆಯ ರೂಢಿ. ಅದಕ್ಕೆ ಬೇಕಾದ ಸಾಮಾನನ್ನೂ ಅವರೇ ಕೈಯಾರೆ ಮಾಡಬೇಕು. ಈ ಸಲ ತೂಕದ ಪಾಠಕ್ಕೆ ಚೂಪಿ ಲೀಡರ್. ಅವಳ ಪೆನ್ಸಿಲ್ಲಿನ ಮೊನೆ ಯಾವಾಗಲೂ ಚೂಪು, ಮಾತು ಅದಕ್ಕಿಂತ ಚೂಪು. ಹಾಗಾಗಿ ಆ ಹೆಸರು. ಅವಳ ಕೈಕೆಳಗೆ ಉಪಲೀಡರ್ ಆಗಿದ್ದವನು ಮೈಕ್. ಅವನು ಪಿಸುಗುಟ್ಟಿದರೂ ಪಕ್ಕದ ಕ್ಲಾಸಿಗೆ ಕೇಳಿಸುತ್ತಿತ್ತು.

ಮರದ ಪಟ್ಟಿ, ಬಾಟಲಿಯ ಅಗಲವಾದ ಮುಚ್ಚಳಗಳು, ದಾರ, ನಡುವೆ ಒಂದು ಮೊಳೆ. ಇಬ್ಬರೂ ಸೇರಿ ಮಾಡಿದ ತಕ್ಕಡಿ ಎಷ್ಟು ಸೂಕ್ಷ್ಮವಾಗಿತ್ತು ಅಂದರೆ, ಒಂದು ಕಡೆ ರಬ್ಬರಿನ ಚೂರು ಇಟ್ಟರೂ ಸಾಕು, ತಲೆ ಬಾಗಿಸುತ್ತಿತ್ತು.

ನಿನ್ನೆಯವರೆಗೆ.

ನಾಳೆ ಶಾಲೆಯಲ್ಲಿ ‘ಮುಂದೆ ನೀನು ಏನಾಗ್ತೀಯ’ ದಿನ. ಶಿಕ್ಷಣ ಆಫೀಸಿನಿಂದ ಒಬ್ಬ ಮೇಡಂ ಬರುತ್ತಾರೆ. ಮಕ್ಕಳು ಮಾಡುವ ಪಾಠ ನೋಡುತ್ತಾರೆ, ಆಮೇಲೆ ಯಾವ ಯಾವ ಕೆಲಸಕ್ಕೆ ಏನೇನು ಓದಬೇಕು ಅಂತ ಹೇಳುತ್ತಾರೆ. ಅವರು ನೋಡುವುದು ಒಂದೇ ಪಾಠ. ಅದು ತೂಕದ ಪಾಠ ಅಂತ ಮಿಸ್ ಚೂಪಿಗೆ ಮಾತು ಕೊಟ್ಟಿದ್ದರು. ಇವತ್ತು ನಡೆಯುತ್ತಿದ್ದದ್ದು ಅದರ ರಿಹರ್ಸಲ್.

ಚೂಪಿ ಬಗ್ಗಿ ನಡುವಿನ ಮೊಳೆಯನ್ನು ನೋಡಿದಳು. ಮೊಳೆಯ ಸುತ್ತ ಹಳದಿ ಬಣ್ಣದ ಗೋಂದು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಯಾರೋ ಬೇಕಂತಲೇ ಒತ್ತಿ ಒತ್ತಿ ತುಂಬಿದ್ದರು.

ಅವಳು ನೆಟ್ಟಗೆ ನಿಂತು ಮೈಕ್ ಕಡೆ ತಿರುಗಿದಳು.

“ನೀನೇ ಮಾಡಿದ್ದು.”

“ಏನು?”

“ಗೋಂದು. ಮೊಳೆಗೆ ಗೋಂದು ಹಾಕಿದ್ದೀಯ.”

“ನಾನ್ಯಾಕೆ ಹಾಕ್ಲಿ? ತಲೆ ಕೆಟ್ಟಿದ್ಯಾ ನಿಂಗೆ?”

“ಪಾಠ ನಾನು ಹೇಳ್ತೀನಿ ಅಂದಿದ್ದಕ್ಕೆ ಹೊಟ್ಟೆಕಿಚ್ಚು. ನೀನು ಹೇಗೆ ಹೇಳ್ತೀಯೋ ನೋಡ್ತೀನಿ ಅಂತ ನೀನೇ ಅಂದಿದ್ದು, ನಿನ್ನೆ. ಬೆಳಿಗ್ಗೆ ತಕ್ಕಡಿ ಡಬ್ಬ ನನ್ನ ಕೈಯಿಂದ ತಗೊಂಡು ಕ್ಲಾಸಿಗೆ ತಂದಿದ್ದು ಯಾರು? ನಾನು ಸಾಲು ನಿಲ್ಲಿಸ್ತಿದ್ದೆ, ನೀನು ಒಬ್ಬನೇ ಕ್ಲಾಸಲ್ಲಿ ಇದ್ದೆ.”

“ಡಬ್ಬ ತಂದು ಇಟ್ಟೆ ಅಷ್ಟೆ. ತೆಗೀಲೂ ಇಲ್ಲ.”

“ಸುಳ್ಳ.”

ಮೈಕ್ ಬಾಯಿ ತೆರೆದ. ಏನೂ ಬರಲಿಲ್ಲ. ಅವನ ಬಾಯಿಂದ ಏನೂ ಬರದೇ ಇದ್ದದ್ದನ್ನು ಯಾರೂ ಯಾವತ್ತೂ ನೋಡಿರಲಿಲ್ಲ. ಉತ್ತರ ಇಲ್ಲ ಅಂದರೆ ತಪ್ಪು ಒಪ್ಪಿಕೊಂಡ ಹಾಗೆ ಅಂತ ಚೂಪಿಗೆ ಅನ್ನಿಸಿತು. ಸಿಟ್ಟು ಹೊಟ್ಟೆಯಿಂದ ಎದೆಗೆ, ಎದೆಯಿಂದ ಕೈಗೆ ಬಂತು.

“ಉಪಲೀಡರ್ ಅಂತೆ,” ಅಂದವಳೇ ಕೈ ಹಾಕಿ ಅವನ ಜೇಬಿನ ಮೇಲಿದ್ದ ಬ್ಯಾಡ್ಜ್ ಎಳೆದಳು.

ಪಿನ್ನು ಬಿಚ್ಚಿಕೊಳ್ಳಲಿಲ್ಲ. ಚರ್ ಅಂತ ಜೇಬು ಕಿತ್ತು ಬಂತು, ಆಮೇಲೆ ಪಿನ್ನು ಜಾರಿ ಬ್ಯಾಡ್ಜ್ ಅವಳ ಮುಷ್ಟಿ ಸೇರಿತು.

ಯಾರೂ ನಗಲಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಹೊಲಿಗೆ ಉಳಿದಿದ್ದ ಜೇಬು ಅಂಗಿಯ ಮೇಲೆ ನೇತಾಡುತ್ತಿತ್ತು. ಮೈಕ್ ಅದನ್ನು ಅಂಗೈಯಲ್ಲಿ ಎದೆಗೆ ಒತ್ತಿಕೊಂಡ. ಹಾಗೇ ನಡೆದು ಕ್ಲಾಸಿನಿಂದ ಹೊರಗೆ ಹೋದ.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಮಿಸ್ ಎದ್ದು ಬಂದರು. ಅವರು ತಕ್ಕಡಿಯನ್ನು ನೋಡಲಿಲ್ಲ. ಚೂಪಿಯನ್ನು ನೋಡಿದರು.

“ಅವನು ಗೋಂದು ಹಾಕೋದನ್ನ ನೋಡಿದ್ಯಾ?”

“ಇಲ್ಲ ಮಿಸ್. ಆದ್ರೆ ನಂಗೆ ಗೊತ್ತು.”

“ಡಬ್ಬ ಅವನ ಕೈಗೆ ಕೊಡೋ ಮುಂಚೆ ತೆಗೆದು ನೋಡಿದ್ಯಾ?”

ಚೂಪಿ ಡಬ್ಬದ ಕಡೆ ನೋಡಿದಳು. ಒಂದು ತಟ್ಟೆಯ ದಾರ ಸಡಿಲವಾಗಿತ್ತು ಅಂತ ಅವಳು ತಕ್ಕಡಿಯನ್ನು ನಿನ್ನೆ ಮನೆಗೆ ಒಯ್ದು ಹೊಸ ದಾರ ಕಟ್ಟಿದ್ದಳು. ಬೆಳಿಗ್ಗೆ ಅಪ್ಪ ಪೇಪರಿನಲ್ಲಿ ಸುತ್ತಿ ಡಬ್ಬದಲ್ಲಿ ಇಟ್ಟುಕೊಟ್ಟಿದ್ದ. ಅವಳು ಅದನ್ನು ಹಾಗೇ ಶಾಲೆಗೆ ತಂದು ಮೈಕ್ ಕೈಗೆ ಕೊಟ್ಟಿದ್ದಳು.

“ಇಲ್ಲ,” ಅಂದಳು.

“ನೋಡದೇ ಇರೋದು ನಿಂಗೆ ಹೇಗೆ ಗೊತ್ತಾಯ್ತು?”

“ಮತ್ತೆ ಇನ್ಯಾರು ಮಾಡ್ತಾರೆ ಮಿಸ್?”

“ಅದು ನನ್ನ ಪ್ರಶ್ನೆಗೆ ಉತ್ತರ ಅಲ್ಲ.” ಮಿಸ್ ಅವಳ ಮುಷ್ಟಿಯ ಕಡೆ ಒಮ್ಮೆ ನೋಡಿದರು. “ನಾಳೆ ಬೆಳಿಗ್ಗೆ ತಕ್ಕಡಿ ಅಲ್ಲಾಡಿದ್ರೆ ನಿಮ್ಮ ಪಾಠ. ಇಲ್ಲಾಂದ್ರೆ ಗಡಿಯಾರದ ಪಾಠದ ಗುಂಪಿನವರು ಮಾಡ್ತಾರೆ. ಮೈಕ್ ವಿಷಯ ನಿನಗೆ ಬಿಟ್ಟಿದ್ದೀನಿ. ನಾಳೆ ಕೇಳ್ತೀನಿ.”

ಚೂಪಿ ತಕ್ಕಡಿಯನ್ನು ಡಬ್ಬಕ್ಕೆ ತುರುಕುತ್ತಿದ್ದಾಗ ಹಲ್ಲು ಬಿದ್ದ ಹುಡುಗಿ ಹತ್ತಿರ ಬಂದಳು.

“ಅಕ್ಕಾ, ಅದು ಮೈಕಣ್ಣ ಮಾಡಿರಲ್ಲ.”

“ನಿಂಗೇನು ಗೊತ್ತು?”

“ಮಾಡಿದ್ರೆ ಇಷ್ಟೊತ್ತಿಗೆ ಎಲ್ಲರಿಗೂ ಹೇಳ್ಬಿಟ್ಟಿರ್ತಿದ್ದ.”

“ಹೋಗಿ ಕೂತ್ಕೋ,” ಅಂತ ಚೂಪಿ ಗದರಿದಳು.

ದಾರಿಯುದ್ದಕ್ಕೂ ಅವಳು ಸಿಟ್ಟನ್ನು ಆರಲು ಬಿಡಲಿಲ್ಲ. ರಸ್ತೆಯಲ್ಲಿ ಸಿಕ್ಕಿದ ಖಾಲಿ ಡಬ್ಬಿಯನ್ನು ಮೈಕ್ ಅಂತ ಒದ್ದಳು. ಅದು ಚರಂಡಿಗೆ ಬಿತ್ತು. ಆಮೇಲೆ ಒಂದು ಕಲ್ಲನ್ನು ಮಿಸ್ ಅಂತ ಒದ್ದಳು. ಅದು ದೊಡ್ಡ ಕಲ್ಲು. ಹೆಬ್ಬೆರಳು ನೋಯುತ್ತಾ ಮನೆ ಸೇರಿದಾಗ ಸಿಟ್ಟು ಇನ್ನೂ ಹೆಚ್ಚಾಗಿತ್ತು.

ಚೂಪಿಯ ಅಪ್ಪ ಬಡಗಿ. ಮುಂದಿನ ಕೋಣೆಯೇ ಅವನ ಕೆಲಸದ ಜಾಗ, ಹಿಂದಿನ ಎರಡು ಕೋಣೆ ಮನೆ. ಅಪ್ಪ ಕುರ್ಚಿ ಮಾಡುತ್ತಿದ್ದ. ಅಮ್ಮ ಅವುಗಳಿಗೆ ಬೆತ್ತದ ಸೀಟು ಹೆಣೆಯುತ್ತಿದ್ದಳು. ಮರದ ಹೊಟ್ಟು ಹಾಸಿಗೆಯವರೆಗೂ ಬರುತ್ತಿತ್ತು. ಅನ್ನದಲ್ಲಿ ವಾರ್ನಿಶ್ ವಾಸನೆ ಬರುತ್ತೆ ಅಂತ ಚೂಪಿ ಯಾವಾಗಲೂ ಗೊಣಗುತ್ತಿದ್ದಳು.

ಡಬ್ಬವನ್ನು ಅವಳು ಮೇಜಿನ ಮೇಲೆ ಧಡ್ ಅಂತ ಇಟ್ಟಳು.

“ನಿಧಾನ. ಮೇಜು ಏನು ಮಾಡಿದೆ ನಿಂಗೆ?” ಅಂದಳು ಅಮ್ಮ. ಅವಳ ಕೈ ಬೆತ್ತದ ಮೇಲೇ ಇತ್ತು.

“ಮೇಜಲ್ಲ, ಮೈಕ್.” ಚೂಪಿ ಎಲ್ಲ ಹೇಳಿದಳು. ಕಲ್ಲು, ನಗು, ಗೋಂದು, ಹೊಟ್ಟೆಕಿಚ್ಚು. “ಅವನೊಬ್ಬ ಕಳ್ಳ. ನಾಳೆ ಮೇಡಂ ಬಂದಾಗ ನಾನು ಪೆದ್ದಿ ಥರ ನಿಲ್ಬೇಕು ಅಂತಾನೇ ಮಾಡಿದ್ದಾನೆ. ಇನ್ನು ಜನ್ಮದಲ್ಲಿ ಅವನ ಹತ್ರ ಮಾತಾಡಲ್ಲ.”

ಮುಂದಿನ ಕೋಣೆಯಲ್ಲಿ ಹಲಗೆ ಹೆರೆಯುವ ಸದ್ದು ನಿಂತಿತು. ಅಪ್ಪ ಬಾಗಿಲಿಗೆ ಬಂದ. ತಲೆಯ ಮೇಲೆಲ್ಲ ಹೊಟ್ಟು.

“ಯಾವ ಗೋಂದು? ತೋರ್ಸು.”

ಚೂಪಿ ತೋರಿಸಿದಳು. ಅಪ್ಪ ತಕ್ಕಡಿಯನ್ನು ಬೆಳಕಿಗೆ ಹಿಡಿದ. ಅಡ್ಡಪಟ್ಟಿಯನ್ನು ಬೆರಳಲ್ಲಿ ತಳ್ಳಿದ. ಅದು ಜಪ್ಪಯ್ಯ ಅನ್ನಲಿಲ್ಲ. ಅಪ್ಪನ ಮುಖದಲ್ಲಿ ಮೊದಲು ಸ್ವಲ್ಪ ಹೆಮ್ಮೆ ಬಂತು. ಆಮೇಲೆ ಅದು ಮೆಲ್ಲಗೆ ಹೋಯಿತು.

“ಇದು... ನಾನೇ ಹಾಕಿದ್ದು ಮಗಳೇ.”

ಅಮ್ಮನ ಕೈ ನಿಂತಿತು.

“ಏನು?” ಅಂದಳು ಚೂಪಿ.

“ನಿನ್ನೆ ನೀನು ಮಲಗಿದ ಮೇಲೆ ಎತ್ತಿ ನೋಡಿದೆ. ಲಟಪಟ ಅಂತಿತ್ತು. ನಾಳೆ ಆಫೀಸಿನವರು ಬರ್ತಾರೆ ಅಂದಿದ್ಯಲ್ಲ. ಬಡಗಿ ಮಗಳು ಮಾಡಿದ್ದು ಅಲ್ಲಾಡ್ತಾ ಇದ್ರೆ ಜನ ಏನಂತಾರೆ ಅಂತ, ಒಳ್ಳೇ ಗೋಂದೇ ಹಾಕಿ ಬಿಗಿ ಮಾಡಿದೆ.”

“ಅಪ್ಪಾ, ಅದು ತಕ್ಕಡಿ.”

“ತಕ್ಕಡಿ ಅಂತ ಗೊತ್ತು. ನೀನು ಮಾಡೆಲ್ ಅಂದ್ಯಲ್ಲ. ನಾನು ಅಂಗಡಿ ಕಿಟಕಿಗೆ ಪುಟ್ಟ ಪುಟ್ಟ ಕುರ್ಚಿ ಮಾಡೆಲ್ ಮಾಡ್ಕೊಡ್ತೀನಲ್ಲ, ಅದರ ಮೇಲೆ ಯಾರಾದ್ರೂ ಕೂರ್ತಾರಾ? ಇದೂ ಹಾಗೇ, ನೋಡೋಕೆ ಮಾತ್ರ ಅಂದ್ಕೊಂಡೆ.”

“ಅಂದ್ಕೊಂಡೆ ಅಂದ್ಕೊಂಡೆ.” ಚೂಪಿಯ ಧ್ವನಿ ಗೋಡೆಗೆ ಬಡಿಯಿತು. “ನನ್ನ ಕೇಳ್ಬೇಕಿತ್ತು. ಬಾಯಿ ಇರ್ಲಿಲ್ವಾ? ಕೇಳದೇನೇ ಹೇಗೆ ಹಾಕ್ದೆ? ಎಲ್ಲಾ ಹಾಳಾಯ್ತು ನಿನ್ನಿಂದ. ಎಲ್ಲಾ.”

ಅಪ್ಪ ತಲೆ ತಗ್ಗಿಸಿದ. ತಲೆಯಿಂದ ಒಂದಿಷ್ಟು ಹೊಟ್ಟು ಅವನ ಹೆಗಲ ಮೇಲೆ ಉದುರಿತು.

“ಡ್ರಿಲ್ ಹಾಕಿದ್ರೆ ಗೋಂದು ಬರುತ್ತೆ,” ಅಂದ ಕೊನೆಗೆ. “ಈಗಲೇ ತೆಗೆದುಕೊಡ್ತೀನಿ.”

“ನೀನು ಮುಟ್ಬೇಡ.”

“ಸರಿ. ಮುಟ್ಟಲ್ಲ. ಆ ಹುಡುಗನ ಮನೆಗೆ ಹೋಗಿ, ಗೋಂದು ಹಾಕಿದ್ದು ನಾನು ಅಂತ ನಾನೇ ಹೇಳ್ಬರ್ತೀನಿ.”

“ಹೇಳ್ಬಾ ಹೋಗು. ನಿನ್ನಿಂದಾನೇ ನಾನು ಅವನ...” ಚೂಪಿ ಅಲ್ಲಿಗೆ ನಿಲ್ಲಿಸಿದಳು.

“ಅವನ ಏನು?” ಅಮ್ಮ ಕೇಳಿದಳು. “ಕೈಯಲ್ಲಿ ಏನದು? ಬಂದಾಗಿನಿಂದ ಮುಷ್ಟಿ ಬಿಚ್ಚಿಲ್ಲ.”

ಚೂಪಿ ಮುಷ್ಟಿ ಬಿಚ್ಚಿದಳು. ಬ್ಯಾಡ್ಜಿನ ಅಂಚು ಅಂಗೈಯಲ್ಲಿ ಕೆಂಪಗೆ ಒತ್ತಿತ್ತು. ಪಿನ್ನಿಗೆ ಮೈಕ್ ಅಂಗಿಯ ನೀಲಿ ಬಟ್ಟೆಯ ಒಂದು ಎಳೆ ಸಿಕ್ಕಿಕೊಂಡಿತ್ತು.

ಅಮ್ಮ ಆ ಎಳೆಯನ್ನು ನೋಡಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಚೂಪಿ ಜಗಳ ಆಡಬಹುದಿತ್ತು.

ಅವಳು ಮೂಲೆಯಲ್ಲಿ ಹೋಗಿ ಕೂತಳು. ಮೈಕ್ ಮೇಲೆ ಸಿಟ್ಟು ಮಾಡಿಕೊಳ್ಳಲು ಇನ್ನೇನಾದರೂ ಕಾರಣ ಉಳಿದಿದೆಯೇ ಅಂತ ಹುಡುಕಿದಳು. ‘ನೋಡ್ತೀನಿ’ ಅಂದಿದ್ದ. ಅಂದರೇನು, ನೋಡುತ್ತೇನೆ ಅಂದಿದ್ದ ಅಷ್ಟೆ. ಅಪ್ಪನ ಮೇಲೆ ಸಿಟ್ಟು ಇತ್ತು, ಬೇಕಾದಷ್ಟಿತ್ತು. ಗೋಂದು ಹಾಕಿದ್ದು ಅಪ್ಪ. ಅದನ್ನು ಅಪ್ಪ ಹೋಗಿ ಹೇಳಬಹುದು. ಆದರೆ ಜೇಬು?

ಅಪ್ಪ ಚಪ್ಪಲಿ ಹಾಕಿಕೊಳ್ಳುತ್ತಿದ್ದ.

“ನೀನು ಬೇಡ,” ಅಂದಳು ಚೂಪಿ. “ನಾನೇ ಹೋಗ್ತೀನಿ.”

ಮೈಕ್ ಮನೆ ಇದ್ದದ್ದು ಮುಂದಿನ ಬೀದಿಯಲ್ಲಿ, ಮೊದಲ ಮಹಡಿಯಲ್ಲಿ. ಬಾಗಿಲು ತೆರೆದಿತ್ತು. ಅವನ ಅಜ್ಜಿ ಕಿಟಕಿಯ ಬೆಳಕಿನಲ್ಲಿ ಕೂತು ಅಂಗಿ ಹೊಲಿಯುತ್ತಿದ್ದರು. ಮೈಕ್ ಬನಿಯನ್ನಿನಲ್ಲಿ ನೆಲದ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದ.

“ಬಾರಮ್ಮ,” ಅಂದರು ಅಜ್ಜಿ. “ಇವನ ಅವತಾರ ನೋಡು. ಬೆಂಚಿನ ಮೊಳೆಗೆ ಸಿಕ್ಕಿ ಜೇಬೇ ಕಿತ್ತು ಬಂತಂತೆ. ಮೊಳೆಗೆ ಸಿಕ್ಕಿದ್ರೆ ಬಟ್ಟೆ ತೂತು ಬೀಳುತ್ತೆ, ಹೀಗೆ ಹೊಲಿಗೆ ಕೀಳುತ್ತಾ? ನಂಗೂ ಕಣ್ಣಿದೆ.”

ಮೈಕ್ ತಲೆ ಎತ್ತಲಿಲ್ಲ. ಅವನು ಮನೆಯಲ್ಲಿ ಹೇಳಿರಲಿಲ್ಲ. ಎಲ್ಲವನ್ನೂ ಎಲ್ಲರಿಗೂ ಹೇಳುವ ಹುಡುಗ, ಇದನ್ನು ಮಾತ್ರ ಹೇಳಿರಲಿಲ್ಲ.

ಚೂಪಿ ಬಾಗಿಲು ದಾಟಿ ಒಳಗೆ ಬಂದಳು. “ಮೊಳೆ ಅಲ್ಲ ಅಜ್ಜಿ. ನಾನು ಎಳೆದಿದ್ದು.”

ಅಜ್ಜಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದರು. ಚೂಪಿಯನ್ನು ನೋಡಿದರು, ಮೊಮ್ಮಗನನ್ನು ನೋಡಿದರು. “ನಂಗೆ ಒಲೆ ಮೇಲೆ ಹಾಲಿದೆ,” ಅಂತ ಎದ್ದು ಒಳಗೆ ಹೋದರು.

“ಏನು ಬೇಕು?” ಮೈಕ್ ಕೇಳಿದ. “ಚಡ್ಡೀಲಿ ಇನ್ನೊಂದು ಜೇಬಿದೆ. ಅದೂ ಬೇಕಾ?”

“ಗೋಂದು ಹಾಕಿದ್ದು ನೀನಲ್ಲ.”

“ನಾನಲ್ಲ ಅಂತ ನಂಗೆ ಗೊತ್ತಿತ್ತು. ಅದನ್ನ ಹೇಳೋಕೆ ಬಂದ್ಯಾ?”

“ನಮ್ಮಪ್ಪ ಹಾಕಿದ್ದು. ಅಲ್ಲಾಡುತ್ತೆ ಅಂತ.”

ಬೇರೆ ದಿನವಾಗಿದ್ದರೆ ಮೈಕ್ ನಕ್ಕು ನಕ್ಕು ಬೀಳುತ್ತಿದ್ದ. ಇವತ್ತು ಪುಸ್ತಕ ಮುಚ್ಚಿದ.

“ಸಾರಿ,” ಅಂದಳು ಚೂಪಿ. ಬ್ಯಾಡ್ಜ್ ಮುಂದೆ ಹಿಡಿದಳು.

“ಬೇಡ. ನೀನೇ ಇಟ್ಕೋ. ಎರಡೂ ಹಾಕ್ಕೊಂಡು ಓಡಾಡು.”

“ಸಾರಿ ಅಂದ್ನಲ್ಲ.”

“ಕಳ್ಳ ಅಂತ, ಸುಳ್ಳ ಅಂತ ಅಲ್ಲಿ ಎಲ್ಲರ ಮುಂದೆ ಹೇಳ್ದೆ. ಸಾರಿ ಅಂತ ಇಲ್ಲಿ ಬಂದು ಕಿವೀಲಿ ಹೇಳ್ತೀಯ.” ಮೈಕ್ ಧ್ವನಿ ಈಗ ಪಕ್ಕದ ಮನೆಗೂ ಕೇಳಿಸುವಷ್ಟಾಗಿತ್ತು. “ಆ ಚಿಕ್ಕ ಮಕ್ಕಳು ನನ್ನ ಕೈ ಹಿಡ್ಕೊಂಡು ಬರ್ತಿದ್ರು. ನಾಳೆ ನನ್ನ ನೋಡಿ ಏನಂದ್ಕೋತಾರೆ? ಹೋಗೇ.”

‘ಕಳ್ಳ ಅಂತ ಅಲ್ಲಿ ಅಂದಿಲ್ಲ, ಮನೇಲಿ ಅಂದಿದ್ದು’ ಅನ್ನುವ ಮಾತು ಚೂಪಿಯ ತುದಿನಾಲಿಗೆಗೆ ಬಂತು. ಅವಳು ಅದನ್ನು ನುಂಗಿಕೊಂಡು ಮೆಟ್ಟಿಲಿಳಿದಳು.

ಮನೆಯಲ್ಲಿ ಅಪ್ಪ ತಕ್ಕಡಿಯ ಮುಂದೆ ಸುಮ್ಮನೆ ಕೂತಿದ್ದ. ಪಕ್ಕದಲ್ಲಿ ಕೈ ಡ್ರಿಲ್ ಇತ್ತು. ಮುಟ್ಟಿರಲಿಲ್ಲ.

“ಹಿಡ್ಕೋ,” ಅಂದಳು ಚೂಪಿ. ಅಪ್ಪನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅಪ್ಪ ಅಡ್ಡಪಟ್ಟಿಯನ್ನು ಹಿಡಿದ, ಅವಳು ಡ್ರಿಲ್ಲಿನ ಹಿಡಿಯನ್ನು ತಿರುಗಿಸಿದಳು. ಗೋಂದು ಹಳದಿ ಪುಡಿಯಾಗಿ ಉದುರಿತು. ಹಳೆಯ ಮೊಳೆ ಕಿತ್ತು ಬಂತು, ಜೊತೆಗೆ ಮರದ ಒಂದು ಚಕ್ಕೆಯೂ ಬಂತು. ತೂತು ದೊಡ್ಡದಾಯಿತು.

ಅಪ್ಪ ದಪ್ಪ ಮೊಳೆಯೊಂದನ್ನು ಹುಡುಕಿ ತಂದು ಅವಳ ಮುಂದೆ ಹಿಡಿದ.

“ಎಷ್ಟು ಲೂಸ್ ಇರ್ಬೇಕು?”

ಬಿಗಿ ಎಷ್ಟು ಬೇಕು ಅಂತ ಅಪ್ಪ ದಿನಾ ಕೇಳುತ್ತಿದ್ದ. ಲೂಸ್ ಎಷ್ಟು ಬೇಕು ಅಂತ ಅವನು ಯಾರನ್ನಾದರೂ ಕೇಳಿದ್ದನ್ನು ಚೂಪಿ ಕೇಳಿದ್ದು ಅದೇ ಮೊದಲು.

“ಊದಿದ್ರೆ ಅಲ್ಲಾಡ್ಬೇಕು,” ಅಂದಳು.

ಅಪ್ಪ ಮೊಳೆಯನ್ನು ಉಪ್ಪುಕಾಗದದಲ್ಲಿ ಉಜ್ಜುತ್ತಾ ಹೋದ. ಆಗಾಗ ನಿಲ್ಲಿಸಿ ಅವಳ ಕೈಗೆ ಕೊಡುತ್ತಿದ್ದ. ಅವಳು ಹಾಕಿ ನೋಡಿ ವಾಪಸು ಕೊಡುತ್ತಿದ್ದಳು.

“ಕೇಳ್ಬೇಕಿತ್ತು ನಾನು,” ಅಂದ ಅಪ್ಪ, ಮೊಳೆಯನ್ನೇ ನೋಡುತ್ತಾ.

‘ನಾನೂ’ ಅನ್ನುವುದು ಚೂಪಿಯ ಗಂಟಲವರೆಗೆ ಬಂತು. “ಹೂಂ,” ಅಂದಳು ಅಷ್ಟೆ.

ಬೆಳಿಗ್ಗೆ ಅವಳು ತನ್ನ ಬ್ಯಾಡ್ಜನ್ನೂ ಮೈಕ್ ಬ್ಯಾಡ್ಜನ್ನೂ ಮಿಸ್ ಮೇಜಿನ ಮೇಲೆ ಇಟ್ಟಳು.

“ನಿನ್ನದು ಯಾಕೆ?”

“ಇದು ಅವನಿಗೆ ಬೇಡ್ವಂತೆ. ಅವನದು ಇಲ್ಲದೆ ನಂದು ಒಂದೇ ಹೇಗೆ ಹಾಕ್ಕೊಳ್ಲಿ ಮಿಸ್?”

ಮಿಸ್ ಎರಡನ್ನೂ ಡ್ರಾಯರಿಗೆ ಹಾಕಿದರು. “ಇಲ್ಲಿರ್ತವೆ,” ಅಂದರು. “ಪಾಠ?”

ಚೂಪಿ ತಕ್ಕಡಿಯನ್ನು ಊದಿದಳು. ಅದು ತೂಗಿತು. ಮಿಸ್ ತಲೆಯಾಡಿಸಿದರು.

ಮೂರನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಆಫೀಸಿನ ಮೇಡಂ ಕನ್ನಡಕ ಹಾಕಿಕೊಂಡು ಕೂತಿದ್ದರು. ಮೈಕ್ ಬಾಗಿಲ ಹತ್ತಿರ ನಿಂತಿದ್ದ. ಅಜ್ಜಿಗೆ ನೀಲಿ ದಾರ ಸಿಕ್ಕಿರಲಿಲ್ಲವೇನೋ, ಜೇಬಿನ ಸುತ್ತ ಕಪ್ಪು ಹೊಲಿಗೆ ಎದ್ದು ಕಾಣುತ್ತಿತ್ತು. ಇಬ್ಬರು ಹುಡುಗರು ಅದನ್ನೇ ನೋಡಿ ಏನೋ ಪಿಸುಗುಟ್ಟಿಕೊಂಡರು.

ಚೂಪಿ ಮನೆಯಲ್ಲಿ ಬಾಯಿಪಾಠ ಮಾಡಿದ್ದ ಮೊದಲ ವಾಕ್ಯ ‘ತೂಕ ಅಂದರೇನು?’ ಅದನ್ನು ಬಿಟ್ಟಳು.

“ಪಾಠಕ್ಕೆ ಮುಂಚೆ ಒಂದು ಹೇಳ್ಬೇಕು. ನಿನ್ನೆ ನಾನು ಇಲ್ಲೇ ನಿಂತು, ಮೈಕ್ ಗೋಂದು ಹಾಕ್ದ, ಸುಳ್ಳು ಹೇಳ್ದ ಅಂದೆ. ಅವನು ಹಾಕಿರ್ಲಿಲ್ಲ. ಸುಳ್ಳೂ ಹೇಳಿರ್ಲಿಲ್ಲ. ಗೋಂದು ಬಂದಿದ್ದು ನಮ್ಮ ಮನೆಯಿಂದ. ನಾನು ನೋಡ್ದೇನೇ ಹೇಳ್ಬಿಟ್ಟೆ. ಜೇಬು ಹರಿದಿದ್ದೂ ನಾನೇ.”

ಮೇಡಂ ಮಿಸ್ ಕಡೆ ತಿರುಗಿ ಹುಬ್ಬೇರಿಸಿದರು.

“ನಾನು ನಿನ್ನೇನೇ ಹೇಳಿದ್ದೆ,” ಅಂದಳು ಹಲ್ಲು ಬಿದ್ದ ಹುಡುಗಿ, ಎಲ್ಲರಿಗೂ ಕೇಳುವ ಹಾಗೆ.

ಪಾಠ ನಡೆಯಿತು. ಚೂಪಿ ಮಾತಾಡಿದಳು. ಮೈಕ್ ಬಂದು ತಟ್ಟೆಗೆ ಕಲ್ಲು ಹಾಕಿದ, ತೆಗೆದ. ಏನನ್ನು ಯಾವಾಗ ಹಾಕಬೇಕು ಅಂತ ಅವನಿಗೆ ಗೊತ್ತಿತ್ತು. ಒಂದು ಸಲವೂ ಅವಳ ಮುಖ ನೋಡಲಿಲ್ಲ. ಹೊಸ ಮೊಳೆಯ ಮೇಲೆ ತಕ್ಕಡಿ ಮೊದಲಿನಷ್ಟು ನಯವಾಗಿ ತೂಗುತ್ತಿರಲಿಲ್ಲ. ರಬ್ಬರಿನ ಚೂರಿಗೆ ಅದು ಬಾಗಲೇ ಇಲ್ಲ, ಇಡೀ ರಬ್ಬರ್ ಬೇಕಾಯಿತು.

ಕೊನೆಗೆ ಮೇಡಂ ಎದ್ದು ಬಂದು ಚೂಪಿಯನ್ನು ಕೇಳಿದರು, “ಚೆನ್ನಾಗಿ ಹೇಳಿದೆ. ಮುಂದೆ ನೀನು ಏನಾಗ್ತೀಯ?”

ಅವಳು ಉತ್ತರ ಕೊಡುವ ಮೊದಲೇ ಹಿಂದಿನಿಂದ ಒಬ್ಬ ಹುಡುಗ ಕೂಗಿದ. “ಅಕ್ಕ ಪೊಲೀಸ್ ಆಗ್ತಾಳೆ ಮೇಡಂ. ನಿನ್ನೆ ಒಬ್ಬರನ್ನ ಹಿಡಿದ್ಲು.”

“ಆದ್ರೆ ತಪ್ಪು ಮನುಷ್ಯನ್ನ,” ಅಂದ ಪಕ್ಕದವನು.

ಇಡೀ ಕ್ಲಾಸು ನಕ್ಕಿತು. ಮೇಡಂ ನಕ್ಕರು. ಮೈಕ್ ಬಾಯಿಗೆ ಕೈ ಅಡ್ಡ ಹಿಡಿದ. ಚೂಪಿಯ ಕಿವಿ ಮತ್ತೆ ಬಿಸಿಯಾಯಿತು. ಆದರೆ ಒದೆಯಬೇಕು ಅನ್ನಿಸುವ ಯಾವುದೂ ಈ ಸಲ ಕಣ್ಣಿಗೆ ಬೀಳಲಿಲ್ಲ.

“ಇನ್ನೂ ಯೋಚನೆ ಮಾಡ್ಬೇಕು ಮೇಡಂ,” ಅಂದಳು.

ಗಂಟೆ ಹೊಡೆದ ಮೇಲೆ ಇಬ್ಬರೂ ಸಾಮಾನನ್ನು ಸ್ಟೋರ್ ರೂಮಿಗೆ ಒಯ್ದರು. ಮೈಕ್ ತಕ್ಕಡಿ ಹಿಡಿದು ಮುಂದೆ, ಚೂಪಿ ಕಲ್ಲಿನ ಚೀಲ ಹಿಡಿದು ಹಿಂದೆ. ಉದ್ದನೆಯ ವರಾಂಡದಲ್ಲಿ ಬೇರೆ ಯಾರೂ ಇರಲಿಲ್ಲ.

“ನಿಮ್ಮಪ್ಪ ಯಾವ ಗೋಂದು ಹಾಕಿದ್ರು?” ಮೈಕ್ ತಿರುಗದೇ ಕೇಳಿದ. “ನಮ್ಮನೆ ಸೋರೋ ಬಕೆಟ್‌ಗೆ ಬೇಕಿತ್ತು.”

ಚೂಪಿಗೆ ನಗು ಬಂತು. ಅವಳು ಅದನ್ನು ತಡೆದುಕೊಂಡಳು.

“ಮತ್ತೆ, ಸಿಟ್ಟು ಹೋಯ್ತಾ?”

“ಇಲ್ಲ.”

“ಇನ್ನೂ ಎಷ್ಟು ದಿನ ಇರುತ್ತೆ?”

“ನಂಗೇನು ಗೊತ್ತು? ಹೋಗುತ್ತೆ ಯಾವಾಗಾದ್ರೂ. ಸುಮ್ನೆ ಕೇಳ್ತಾ ಇರ್ಬೇಡ.”

ಕಲ್ಲಿನ ಚೀಲ ಭಾರವಾಗಿತ್ತು. ಚೂಪಿ ಅದನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡಳು. ಬಿರಬಿರನೆ ನಡೆದಿದ್ದರೆ ಅವನನ್ನು ದಾಟಿ ಮೊದಲು ಬಾಗಿಲು ಮುಟ್ಟಬಹುದಿತ್ತು. ದಿನಾ ಹಾಗೇ ಮಾಡುತ್ತಿದ್ದಳು.

ಇವತ್ತು ಅವಳು ಮತ್ತೆ ಕೇಳಲಿಲ್ಲ. ಅವನು ಎಷ್ಟು ನಿಧಾನ ನಡೆದನೋ ಅಷ್ಟೇ ನಿಧಾನ ನಡೆದಳು.